ನಮ್ಮನ್ನು ಕೇಳಿ: ಎಐ ಕೊಳ್ಳುವ ಮುನ್ನ

ಪ್ರಶ್ನೆ: ನಮ್ಮ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಒಂದು ಕಂಪನಿಯವರು ಬಂದು ಕನ್ನಡದ ಚಾಟ್‌ಬಾಟ್ ತೋರಿಸಿದರು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟಿತು. ಶೇ 95ರಷ್ಟು ನಿಖರ ಅನ್ನುತ್ತಾರೆ. ಆಡಳಿತ ಮಂಡಳಿಯವರು ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದಾರೆ. ನಂಬಬಹುದೇ?
— ಕಾರ್ಯದರ್ಶಿ, ಗದಗ ಜಿಲ್ಲೆ

ಉತ್ತರ: ಡೆಮೊ ನೋಡಿ ಸಹಿ ಹಾಕಬೇಡಿ. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಆರಿಸಿಕೊಂಡವರು ಮಾರಲು ಬಂದವರೇ. 2023ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಎಐ ಆದ ಜೆಮಿನಿಯ ವಿಡಿಯೊ ಬಿಟ್ಟಿತು. ಅದು ಕ್ಯಾಮೆರಾದಲ್ಲಿ ನೋಡುತ್ತಾ ನೋಡುತ್ತಾ ಮಾತಾಡುತ್ತಿರುವಂತೆ ಕಾಣುತ್ತಿತ್ತು. ಬಿಡಿ ಚಿತ್ರಗಳನ್ನು ಕೊಟ್ಟು, ಪ್ರಶ್ನೆಗಳನ್ನು ಟೈಪ್ ಮಾಡಿ ಪಡೆದ ಉತ್ತರಗಳವು ಎಂದು ಆಮೇಲೆ ಕಂಪನಿಯೇ ಒಪ್ಪಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಡೆಮೊ ಕಥೆ ಇದು.

ಶೇ 95 ಅಂದವರಿಗೆ ಮೊದಲು ಕೇಳಬೇಕಾದ್ದು: ಎಷ್ಟು ಪ್ರಶ್ನೆ ಕೇಳಿ ನೋಡಿದಿರಿ, ಯಾರ ಪ್ರಶ್ನೆ, ಉತ್ತರ ಸರಿ ಎಂದು ತೀರ್ಮಾನಿಸಿದವರು ಯಾರು? ಈ ಮೂರಕ್ಕೆ ಕಾಗದದಲ್ಲಿ ಉತ್ತರ ಬರದಿದ್ದರೆ ಆ ಅಂಕಿಯನ್ನು ಪಕ್ಕಕ್ಕಿಡಿ. ನಿಮ್ಮ ಪರೀಕ್ಷೆಯನ್ನು ನೀವೇ ಮಾಡಿ. ಪ್ರಶ್ನೆ ಕೂಡಿಸಲು ಒಂದು ವಾರ, ಆಮೇಲೆ ಎರಡು ಮೂರು ದಿನದ ಕೆಲಸ, ಖರ್ಚೇನಿಲ್ಲ.

ಒಂದು ವಾರ ಕೌಂಟರಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಸದಸ್ಯರು ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಿ. 'ನಮ್ದು ಎರಡೂವರಿ ಎಕರೆ ಐತ್ರಿ, ಎಷ್ಟ್ ಸಾಲ ಸಿಗತೈತಿ?' ಎಂಬುದನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಇಂತಹ 60 ಪ್ರಶ್ನೆ ಸಾಕು. ಅದರ ಜೊತೆಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ವಾಟ್ಸ್ಯಾಪ್ ಕನ್ನಡದ 20 ಪ್ರಶ್ನೆ ಸೇರಿಸಿ. ಇನ್ನು 20 ಪ್ರಶ್ನೆಗಳಿಗೆ ನಿಮ್ಮ ಬೈಲಾದಲ್ಲಾಗಲಿ ಸುತ್ತೋಲೆಯಲ್ಲಾಗಲಿ ಉತ್ತರವೇ ಇರಬಾರದು. ಈ ಕೊನೆಯ 20 ತುಂಬ ಮುಖ್ಯ. ಇಂಥ ಬಾಟ್‌ನ ಒಳಗಿರುವ ಭಾಷಾ ಮಾದರಿಗೆ ಗೊತ್ತಿರುವುದು ಮುಂದಿನ ಪದ ಯಾವುದು ಬರಬಹುದು ಎಂಬ ಲೆಕ್ಕ. ಉತ್ತರ ಇಲ್ಲದ ಕಡೆಯೂ ಅದು ಉತ್ತರದಂತೆ ಕಾಣುವ ವಾಕ್ಯವನ್ನು ಹೆಣೆದು ಕೊಡಬಲ್ಲದು. ಸರಿಯಾಗಿ ಕಟ್ಟಿದ ಬಾಟ್ ಅಲ್ಲಿ 'ಈ ಮಾಹಿತಿ ನನ್ನಲ್ಲಿಲ್ಲ, ಕಚೇರಿಗೆ ಬನ್ನಿ' ಅನ್ನಬೇಕು.

ಪ್ರತಿ ಪ್ರಶ್ನೆಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಕೇಳಿ. ಒಂದೇ ಪ್ರಶ್ನೆಗೆ ಒಮ್ಮೆ ಶೇ 3, ಇನ್ನೊಮ್ಮೆ ಶೇ 7 ಬಡ್ಡಿ ಅಂದರೆ ಸರಾಸರಿ ನಿಖರತೆ ಎಷ್ಟಿದ್ದರೂ ಪ್ರಯೋಜನವಿಲ್ಲ. ಉತ್ತರಗಳನ್ನು ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಗುರುತು ಹಾಕಲಿ: ಸರಿ, ಗೊತ್ತಿಲ್ಲ ಅಂದಿತು, ತಪ್ಪು. ತಪ್ಪಿನಲ್ಲೂ ಸದಸ್ಯರ ದುಡ್ಡಿಗೆ ಹೊಡೆತ ಬೀಳುವಂಥದ್ದನ್ನು ಬೇರೆಯಾಗಿ ಎಣಿಸಿ. ಕಂತಿನ ಕೊನೆಯ ದಿನಾಂಕ ತಪ್ಪು ಹೇಳುವುದೂ ಕಚೇರಿಯ ಸಮಯ ತಪ್ಪು ಹೇಳುವುದೂ ಒಂದೇ ಅಲ್ಲ. ನೆನಪಿಡಿ, 100ರಲ್ಲಿ 95 ಸರಿಯಾದರೂ ನಿಜವಾದ ಪ್ರಮಾಣ ಸುಮಾರು 89ರಿಂದ 98ರ ನಡುವೆ ಎಲ್ಲಿಯಾದರೂ ಇರಬಹುದು. ಡೆಮೊದ ಹತ್ತು ಪ್ರಶ್ನೆಯಿಂದ ತಿಳಿಯುವುದು ಇದಕ್ಕಿಂತಲೂ ಎಷ್ಟೋ ಕಡಿಮೆ.

ಖರ್ಚಿನಲ್ಲಿ ಕನ್ನಡಕ್ಕೆಂದೇ ಒಂದು ತೊಡಕಿದೆ. ಇಂಥ ಸೇವೆಗಳಲ್ಲಿ ಬಿಲ್ ಆಗುವುದು ಸಾಮಾನ್ಯವಾಗಿ ಟೋಕನ್ ಲೆಕ್ಕದಲ್ಲಿ, ಅಂದರೆ ಪಠ್ಯವನ್ನು ಕತ್ತರಿಸಿದ ತುಣುಕುಗಳ ಲೆಕ್ಕದಲ್ಲಿ. 'ಸಾಲದ ಬಡ್ಡಿ ಎಷ್ಟು' ಎಂಬುದರಲ್ಲಿ ಕಂಪ್ಯೂಟರ್ ಕಾಣುವುದು 14 ಕನ್ನಡ ಸಂಕೇತ. ಒತ್ತು, ಗುಣಿತದ ಚಿಹ್ನೆಗಳೂ ಬೇರೆಬೇರೆ ಸಂಕೇತಗಳೇ. ಒಂದೊಂದಕ್ಕೂ 3 ಬೈಟ್, ಎರಡು ಜಾಗ ಸೇರಿ 44 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. ಮೇಲಾಗಿ ಮಾದರಿಯ ತುಣುಕುಗಳ ಪಟ್ಟಿ ಹೆಚ್ಚಾಗಿ ಇಂಗ್ಲಿಷ್ ಪಠ್ಯ ನೋಡಿ ತಯಾರಾಗಿದ್ದರೆ ಇಂಗ್ಲಿಷಿನ ಇಡೀ ಪದ ಒಂದು ಟೋಕನ್ ಆಗುವಲ್ಲಿ ಕನ್ನಡದ ಪದ ಚೂರುಚೂರಾಗುತ್ತದೆ. ಅದೇ ಪ್ರಶ್ನೆಗೆ ಹೆಚ್ಚು ದುಡ್ಡು, ಹೆಚ್ಚು ಹೊತ್ತು. ಈ ಅಂತರ ಮಾದರಿಯಿಂದ ಮಾದರಿಗೆ ಬೇರೆ. ಹಾಗಾಗಿ ನಿಮ್ಮ 100 ಪ್ರಶ್ನೆಗಳಿಗೆ ಎಷ್ಟು ಟೋಕನ್ ಖರ್ಚಾಯಿತು ಎಂಬ ದಾಖಲೆ (ಲಾಗ್) ಕೇಳಿ ಪಡೆದು, ತಿಂಗಳ ಪ್ರಶ್ನೆಗಳಿಗೆ ಗುಣಿಸಿ ನೋಡಿ.

ಒಪ್ಪಂದದಲ್ಲಿ ಒಂದು ಸಾಲು ಬೇಕೇ ಬೇಕು: ಬಾಟ್ ಹೇಳಿದ ತಪ್ಪಿನ ಹೊಣೆ ಯಾರದು? ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು. ಬಾಟ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ ಎಂಬ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ನಿಮ್ಮ ಊರಿನಲ್ಲೂ ಸದಸ್ಯರು ಜಗಳಕ್ಕೆ ಬರುವುದು ಸಂಘದ ಬಾಗಿಲಿಗೇ, ಕಂಪನಿಯ ಬಾಗಿಲಿಗಲ್ಲ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಈ ವರ್ಷದಿಂದ ಎಐ ಬಳಸಿ ಬರೆದ ಕೋಡಿನ ಪ್ರಮಾಣವನ್ನೂ ಅಪ್ರೈಸಲ್‌ಗೆ ಸೇರಿಸಿದ್ದಾರೆ. ಎಲ್ಲರೂ ಅಂಕಿ ತೋರಿಸಲು ಓಡುತ್ತಿದ್ದೇವೆ. ಕೆಲಸ ನಿಜಕ್ಕೂ ಬೇಗ ಆಗುತ್ತಿದೆಯೇ ಎಂದು ತಿಳಿಯುವುದು ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೇಗ ಆಗುತ್ತಿದೆ ಎಂಬ ಅನಿಸಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೆಟರ್ ಎಂಬ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಅನುಭವಿ ಪ್ರೋಗ್ರಾಮರ್‌ಗಳು ತಮಗೆ ಚೆನ್ನಾಗಿ ಪರಿಚಯವಿದ್ದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಯೋಜನೆಗಳಲ್ಲಿ 246 ಕೆಲಸ ಮಾಡಿದರು. ಯಾವುದಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಾರದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಶೇ 24ರಷ್ಟು ಬೇಗ ಮುಗಿಯುತ್ತದೆ ಎಂದು ಅವರ ನಿರೀಕ್ಷೆ. ಆದದ್ದು ಶೇ 19ರಷ್ಟು ತಡ. ಮುಗಿದ ಮೇಲೂ ಅವರು ಶೇ 20ರಷ್ಟು ಬೇಗ ಆಯಿತೆಂದೇ ನಂಬಿದ್ದರು. ಅದು ಆ ವರ್ಷದ ಆರಂಭದ ಪರಿಕರಗಳ ಮಾತು, ಹಳಬರು ತಮ್ಮದೇ ಕೋಡಿನಲ್ಲಿ ಮಾಡಿದ ಕೆಲಸದ ಮಾತು. ಹೊಸಬರಿಗೆ, ಹೊಸ ಯೋಜನೆಗೆ ಫಲಿತಾಂಶ ಬೇರೆಯಿರಬಹುದು. ಆದರೆ ಅನಿಸಿಕೆಗೂ ಗಡಿಯಾರಕ್ಕೂ ಇಷ್ಟು ದೂರವಿರಬಲ್ಲದು ಎಂಬುದನ್ನು ಮ್ಯಾನೇಜರ್ ಮುಂದಿಡಲೇಬೇಕು.

ನಿಮ್ಮ ತಂಡದಲ್ಲಿ ಇದನ್ನೇ ಸಣ್ಣದಾಗಿ ಮಾಡಬಹುದು. ಮುಂದಿನ ಎರಡು ಸ್ಪ್ರಿಂಟ್‌ಗಳ (ಕೆಲವು ವಾರಗಳ ಕೆಲಸದ ಸುತ್ತು) ಟಿಕೆಟ್‌ಗಳನ್ನು, ಅಂದರೆ ಪಟ್ಟಿ ಮಾಡಿದ ಬಿಡಿ ಕೆಲಸಗಳನ್ನು, ನಾಣ್ಯ ಚಿಮ್ಮಿ ಎರಡು ಪಾಲು ಮಾಡಿ. ಸುಲಭದ ಟಿಕೆಟ್‌ಗಳು ಎಐ ಕಡೆಗೆ ಜಾರಬಾರದು, ಹೆಚ್ಚಿನ ಲೆಕ್ಕ ಕೆಡುವುದು ಅಲ್ಲಿಯೇ. ಶುರುವಿನಿಂದ ಮರ್ಜ್ ಆಗುವವರೆಗಿನ (ಮೂಲ ಕೋಡಿಗೆ ಸೇರುವವರೆಗಿನ) ಸಮಯ, ಅದನ್ನು ಓದಿ ರಿವ್ಯೂ ಮಾಡಿದವರ ಸಮಯ, 30 ದಿನದೊಳಗೆ ಅದೇ ಸಾಲುಗಳನ್ನು ಮತ್ತೆ ತಿದ್ದಬೇಕಾಯಿತೇ ಎಂಬ ಮೂರನ್ನೂ ಬರೆದಿಡಿ. ಬರೆಯುವವರಿಗೆ ಉಳಿದ ಒಂದು ಗಂಟೆ ರಿವ್ಯೂ ಮಾಡುವವರ ಎರಡು ಗಂಟೆಯಾಗಿ ಹೊರಬಂದರೆ ಅದು ಉಳಿತಾಯವಲ್ಲ. ಪಕ್ಕದ ಮೇಜಿನವರ ಮೇಲೆ ಹೇರಿದ ಕೆಲಸ. 'ಇಷ್ಟು ಶೇಕಡ ಕೋಡ್ ಎಐನದು' ಎಂಬ ಅಂಕಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಎಐ ಸೂಚಿಸಿದ್ದನ್ನು ಟ್ಯಾಬ್ ಕೀಲಿ ಒತ್ತಿ ಒಪ್ಪಿದ ಅರ್ಧ ಸಾಲೂ ಅದರೊಳಗೆ ಸೇರಿರುತ್ತದೆ. ಗುರಿಯಾದ ಅಂಕಿಗಾಗಿ ಅನಗತ್ಯ ಸಾಲುಗಳನ್ನು ಬರೆಸುವ ಒತ್ತಡ ಕಿರಿಯರ ಮೇಲೆ ಬೀಳುತ್ತಿರುವುದು ಬೇಸರದ ಸಂಗತಿ. ಹೀಗೆ ಅಳೆಯುವುದು ತಪ್ಪೆಂದು ಹಿರಿಯರು ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಕೋಡ್ ಬರೆಯುವ ಕೆಲಸವೇ ಇರುವುದಿಲ್ಲ ಎಂದು ಬ್ರಾಂಚ್ ಬದಲಿಸಲು ಹೊರಟಿದ್ದಾನೆ.
— ತಾಯಿ, ಹಾಸನ

ಉತ್ತರ: ಜಾಹೀರಾತು ನೋಡಿ ಬ್ರಾಂಚ್ ಬದಲಿಸುವುದು ಬೇಡ. 2024ರ ಮಾರ್ಚ್‌ನಲ್ಲಿ ಡೆವಿನ್ ಎಂಬುದನ್ನು 'ಎಐ ಸಾಫ್ಟ್‌ವೇರ್ ಎಂಜಿನಿಯರ್' ಎಂದು ಪರಿಚಯಿಸಿದಾಗ ಅದರ ಕಂಪನಿಯೇ ಕೊಟ್ಟ ಅಂಕಿ ಶೇ 13.86: ಒಂದು ಕೋಡಿಂಗ್ ಪರೀಕ್ಷೆಯ 570 ಸಮಸ್ಯೆಗಳಲ್ಲಿ 79 ಬಗೆಹರಿದಿದ್ದವು. ಆಮೇಲಿನ ಮಾದರಿಗಳ ಅಂಕ ಬಹಳ ಏರಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಪರೀಕ್ಷೆಯಲ್ಲಿ ಸಮಸ್ಯೆ ಏನೆಂದು ಯಾರೋ ಆಗಲೇ ಬರೆದಿಟ್ಟಿರುತ್ತಾರೆ, ಉತ್ತರ ಸರಿಯೇ ಎಂದು ನೋಡುವ ಟೆಸ್ಟ್‌ಗಳೂ ಸಿದ್ಧವಿರುತ್ತವೆ. ಉದ್ಯೋಗದಲ್ಲಿ ಕಷ್ಟದ್ದು ಅವೆರಡೇ. ಮಗ ಡೇಟಾಬೇಸ್, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ ಚೆನ್ನಾಗಿ ಓದಲಿ. ಬೇರೆಯವರ ಕೋಡ್ ಓದಿ ತಪ್ಪು ಹುಡುಕುವ ಅಭ್ಯಾಸಕ್ಕೆ ದಿನಕ್ಕೊಂದು ಗಂಟೆ ಕೊಡಲಿ.

ಪ್ರಶ್ನೆ: ನಮ್ಮ ಸಂಘದಿಂದ ಉಚಿತ ಕಣ್ಣಿನ ತಪಾಸಣಾ ಶಿಬಿರ. ಫೋಟೊ ನೋಡಿ ಮಧುಮೇಹದ ರೆಟಿನಾ ತೊಂದರೆ ಹೇಳುವ ಎಐ ಯಂತ್ರ ತರಿಸಬಹುದೇ?
— ಸೇವಾ ಸಂಘದ ಪದಾಧಿಕಾರಿ, ತುಮಕೂರು

ಉತ್ತರ: ತರಿಸಬಹುದು. ಆದರೆ ಶಿಬಿರಕ್ಕೆ ಯಾರನ್ನು ಕರೆಯುತ್ತೀರಿ ಎಂಬುದು ಯಂತ್ರದಷ್ಟೇ ಮುಖ್ಯ. ರೋಗವಿದ್ದವರಲ್ಲಿ ಶೇ 90 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇ 90 ಮಂದಿಯನ್ನು ಸರಿಯಾಗಿ ಬಿಡುವ ಯಂತ್ರವೆಂದುಕೊಳ್ಳಿ. 200 ಮಧುಮೇಹಿಗಳಲ್ಲಿ 20 ಮಂದಿಗೆ ತೊಂದರೆಯಿದ್ದರೆ 18 ಮಂದಿ ಸಿಗುತ್ತಾರೆ, 2 ಮಂದಿ ತಪ್ಪಿಹೋಗುತ್ತಾರೆ, ರೋಗವಿಲ್ಲದ 18 ಮಂದಿಗೂ ಆಸ್ಪತ್ರೆಗೆ ಹೋಗಿ ಎಂಬ ಚೀಟಿ ಹೋಗುತ್ತದೆ. ಅದೇ ಯಂತ್ರವನ್ನು ಊರಿನ ಎಲ್ಲರಿಗೂ ಇಟ್ಟು, 200ರಲ್ಲಿ ಇಬ್ಬರಿಗೆ ಮಾತ್ರ ತೊಂದರೆ ಇದ್ದರೆ ಸುಮಾರು 22 ಚೀಟಿಗಳಲ್ಲಿ 20 ಸುಳ್ಳು. ಕೂಲಿ ಬಿಟ್ಟು, ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಹೋದವರ ದಿನ ಹಾಳು.

ಗೂಗಲ್‌ನ ಇಂಥದೇ ವ್ಯವಸ್ಥೆಯನ್ನು ಥಾಯ್ಲೆಂಡ್‌ನ ಕ್ಲಿನಿಕ್‌ಗಳಲ್ಲಿ ಬಳಸಿದ ಅನುಭವ 2020ರಲ್ಲಿ ಪ್ರಕಟವಾಯಿತು. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ ಸ್ಪಷ್ಟವಿಲ್ಲವೆಂದು ತಿರಸ್ಕರಿಸಿತು. ಫೋಟೊ ತೆಗೆದ ಕೋಣೆಗಳು ಸಾಕಷ್ಟು ಕತ್ತಲಿರಲಿಲ್ಲ, ಕೆಲವೆಡೆ ಇಂಟರ್‌ನೆಟ್ ನಿಧಾನವಿತ್ತು. ಶಾಲೆಯ ಕೊಠಡಿಯಲ್ಲಿ ಶಿಬಿರವಾದರೆ ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಇಂಟರ್‌ನೆಟ್ ಇಲ್ಲದೆಯೂ ಯಂತ್ರ ಕೆಲಸ ಮಾಡುತ್ತದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. 200 ಫೋಟೊಗಳಲ್ಲಿ 40 ಕೆಡಬಹುದೆಂದು ಲೆಕ್ಕ ಹಾಕಿ ನೇತ್ರತಜ್ಞರೊಬ್ಬರನ್ನು ಅಲ್ಲೇ ಕೂರಿಸಿ.

ಪ್ರಶ್ನೆ: ಹಳೆಯ ತೀರ್ಪುಗಳನ್ನು ಹುಡುಕಲು ಚಾಟ್‌ಜಿಪಿಟಿ ಬಳಸಬಹುದೇ?
— ವಕೀಲರು, ಧಾರವಾಡ

ಉತ್ತರ: ಹುಡುಕಾಟದ ಸುಳಿವಿಗೆ ಬಳಸಿ, ಉಲ್ಲೇಖಕ್ಕೆ ಬೇಡ. 2023ರಲ್ಲಿ ನ್ಯೂಯಾರ್ಕ್‌ನ ಕೋರ್ಟ್, ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಇವು ನಿಜವೇ ಎಂದು ಅವರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಹೌದು ಎಂದಿತ್ತು. ನಮ್ಮಲ್ಲೂ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ನುಸುಳಿ, ಆದೇಶವನ್ನೇ ಹಿಂಪಡೆಯಬೇಕಾಯಿತು. ಸುಪ್ರೀಂ ಕೋರ್ಟ್ ತೀರ್ಪಾದರೆ ಅದರ ತೀರ್ಪುಗಳ ಜಾಲತಾಣವಾದ ಇ-ಎಸ್‌ಸಿಆರ್‌ನಲ್ಲಿ, ಹೈಕೋರ್ಟಿನದಾದರೆ ಅದರದೇ ಜಾಲತಾಣದಲ್ಲಿ ಪಿಡಿಎಫ್ ತೆರೆದು ಪಕ್ಷಗಾರರ ಹೆಸರು, ದಿನಾಂಕ, ನಿಮಗೆ ಬೇಕಾದ ಪ್ಯಾರಾ ಮೂರನ್ನೂ ಕಣ್ಣಾರೆ ಓದಿ. ತೀರ್ಪು ಇದ್ದು, ಆ ಪ್ಯಾರಾದಲ್ಲಿ ಬೇರೆಯೇ ಮಾತಿರುವುದೂ ಉಂಟು.