ಕಾಕಾನ ಕೇಳಿ: ಕಂಪೌಂಡ್ ಕಟ್ಟಿದೆವು, ನೀರು ನಿಂತಿತು

ಪ್ರಶ್ನೆ: ಕಾಕಾ, ನಮಸ್ಕಾರ. ನಾವು ಗದಗಿನವರು, ಇರೋದು ಪುಣೆಯ ಕೋಥ್ರೂಡ್‌ನಲ್ಲಿ. ಮುಳಶಿ ತಾಲೂಕಿನ ಗುಡ್ಡದ ಬುಡಕ್ಕೆ 10 ಗುಂಟೆ ಜಾಗ ತಗೊಂಡು ಸಣ್ಣ ಮನೆ ಕಟ್ಟಿದ್ದೇವೆ. ಹೋದ ಬೇಸಿಗೆಯಲ್ಲಿ ಸುತ್ತ ಕಂಪೌಂಡ್ ಹಾಕಿಸಿದೆವು. ಈ ಮಳೆಗಾಲದಲ್ಲಿ ಮೇಲಿನ ಹೊಲದ ನೀರು ಬಂದು ಗೋಡೆಗೆ ನಿಂತು, ಒಂದು ಕಡೆ ಗೋಡೆ ವಾಲಿದೆ. ಒಳಗಿನ ನೀರೂ ಹೊರಗೆ ಹೋಗದೆ ಅಡುಗೆಮನೆ ಗೋಡೆ ಸದಾ ಹಸಿ. ಆರಿಂಚಿನ ಪೈಪು ಹಾಕಿ ಕೆಳಗಿನ ಗದ್ದೆಗೆ ಬಿಡೋಣ ಅಂತಾರೆ ಕಾಂಟ್ರ್ಯಾಕ್ಟರು. ಮೇಲಿನವರ ಮೇಲೆ ದೂರು ಕೊಡಬಹುದಾ?

ಉತ್ತರ: ನೋಡವ್ವ, ದೂರಿನ ಮಾತು ಮೊದಲು ಮುಗಿಸೋಣ. 1906ರ ಮಾಮಲೇದಾರ್ (ಅಂದರೆ ತಹಶೀಲ್ದಾರ್) ಕೋರ್ಟ್ ಕಾಯ್ದೆ ಮಹಾರಾಷ್ಟ್ರದಲ್ಲಿ ಇನ್ನೂ ಇದೆ. ಹೊಲದ ನೀರು ಸಹಜವಾಗಿ ಹರಿಯೋದಕ್ಕೆ ಯಾರಾದರೂ ಸುಮ್ನೆ ಅಡ್ಡ ಕಟ್ಟಿ, ಅದರಿಂದ ಬೆಳೆಗೋ ಭೂಮಿಗೋ ಹಾನಿಯಾದರೆ, ತಹಶೀಲ್ದಾರರು ಅದನ್ನು ತೆಗೆಸಬಹುದು. 6 ತಿಂಗಳ ಒಳಗೆ ಅರ್ಜಿ ಹಾಕಬೇಕು. ಆದರೆ ಇಲ್ಲಿ ಅಡ್ಡ ಕಟ್ಟಿದವರು ಯಾರು? ನೀವು! ಮೇಲಿನ ಹೊಲದವರು ಹೊಸದಾಗಿ ಕಾಲುವೆ ತೋಡಿ ನಿಮ್ಮ ಕಡೆ ತಿರುಗಿಸಿದ್ದರೆ ಮಾತು ಬೇರೆ.

ಬೈದೆ ಅಂದ್ಕೋಬೇಡಿ. ಜೀವನವಿಡೀ ಓವರ್ಸಿಯರ್ ಆಗಿದ್ದ ನಾನೇ ಪೌಡ್ ಹತ್ತಿರದ ನನ್ನ ಜಾಗದಲ್ಲಿ ಇದೇ ತಪ್ಪು ಮಾಡಿದ್ದೆ. ಗವಂಡಿ ಕೇಳಿದ್ದ, "ಸಾಹೇಬ, ಪಾಣಿ ಕುಠೂನ ಜಾಣಾರ?" ನೀರು ಎಲ್ಲಿಂದ ಹೋಗುತ್ತೆ ಅಂತ. ನಾನು ಕೈ ಬೀಸಿದೆ. ಜುಲೈನಲ್ಲಿ ಹತ್ತಡಿ ಗೋಡೆ ಮಲಗಿತು, ಕಲ್ಲಿನ ಜೊತೆ ನನ್ನ ಸೀತಾಫಲದ ಗಿಡವೂ.

ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ನಿಮ್ಮ 10 ಗುಂಟೆ ಸುಮಾರು 1,000 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಸುರಿದರೆ 1 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರ್ ಹಿಡಿಯೋ ಹತ್ತು ಟ್ಯಾಂಕರ್. ಕೋಥ್ರೂಡ್‌ನ ಮಳೆ ನೋಡಿ ಮುಳಶಿಯನ್ನು ಅಳೀಬೇಡಿ, ಘಟ್ಟದ ಕಡೆ ಅಂಥ ದಿನಗಳು ಅಪರೂಪವಲ್ಲ. ಇದು ನಿಮ್ಮ ತಲೆ ಮೇಲೆ ಬಿದ್ದದ್ದು ಮಾತ್ರ, ಗುಡ್ಡದಿಂದ ಬರೋದು ಬೇರೆ. ಆರಿಂಚಿನ ಪೈಪಿಗೆ ನಾಲ್ಕು ಸಾಗುವಾನಿ ಎಲೆ ಸಿಕ್ಕಿದರೆ ಮುಗೀತು.

ಮುಂದಿನ ಜೋರು ಮಳೆಗೆ ಛತ್ರಿ ಹಿಡಿದು ಹೊರಗೆ ಬನ್ನಿ. ಬಗಲಲ್ಲಿ ಒಂದು ಹೊರೆ ತೊಗರಿ ಕಟ್ಟಿಗೆ ಇರಲಿ. ನೀರು ಎಲ್ಲಿ ಒಳಗೆ ನುಗ್ಗುತ್ತೆ, ಎಲ್ಲಿ ತಿರುಗುತ್ತೆ, ಎಲ್ಲಿ ಸುಮ್ಮನೆ ನಿಲ್ಲುತ್ತೆ, ಅಲ್ಲಲ್ಲೇ ಒಂದೊಂದು ಚುಚ್ಚಿ. ಮಳೆ ನಿಂತ ಮೇಲೆ ಆ ಕಟ್ಟಿಗೆಗಳೇ ನಿಮ್ಮ ನಕಾಶೆ. ನಾನು ಹೀಗೆ ಮಾಡಿದಾಗಲೇ ಗೊತ್ತಾಗಿದ್ದು, ಹಳೇ ನೀರಿನ ದಾರಿ ನನ್ನ ಗೇಟಿನ ಕೆಳಗೇ ಇತ್ತು.

ನೀರು ಒಳಗೆ ಬರೋ ಕಡೆ, ಹೊರಗೆ ಹೋಗೋ ಕಡೆ, ಎರಡೂ ಕಡೆ ಗೋಡೆ ಒಡೆಸಿ ಮೋರಿ ಇಡಿಸಿ, ಜಾಳಿಗೆ ಹಾಕಿಸಿ. ಎರಡಿಂಚಿನ ತೂತು ಸಾಲದು. ಮನೆಯ ಮೇಲ್ಭಾಗದಲ್ಲಿ ಅಗಲವಾದ, ಆಳ ಕಡಿಮೆಯ ತೆರೆದ ಕಾಲುವೆ ತೆಗೆಸಿ ನೀರನ್ನು ಪಕ್ಕಕ್ಕೆ ಒಯ್ಯಿರಿ. ಇಳಿಜಾರು ಜಾಸ್ತಿ ಬೇಡ, ನೂರಡಿಗೆ ಒಂದಡಿ ಸಾಕು. ಜಾಸ್ತಿ ಆದರೆ ಮುರುಮ, ಅಂದರೆ ಗರಸು ಮಣ್ಣು, ಕೊಚ್ಚಿಕೊಂಡು ಹೋಗುತ್ತೆ. ಅಂಚಿಗೆ ಲಾವಂಚ ಹಚ್ಚಿ. ಅಡುಗೆಮನೆ ಗೋಡೆಯಿಂದ ಹತ್ತಡಿಯಲ್ಲಿ ಅರ್ಧ ಅಡಿ ಇಳಿಯೋ ಹಾಗೆ ಮಣ್ಣು ಹಾಕಿಸಿ.

ಕೆಳಗಿನ ಗದ್ದೆಗೆ ಪೈಪಿನಿಂದ ಧೋ ಅಂತ ಬಿಡಬೇಡಿ. ಕೆಸರು ತುಂಬಿದರೆ ಅವರ ಇಂದ್ರಾಯಣಿ ಭತ್ತ ಹೋಯ್ತು. ಹಳೇ ಓಢಾ, ಅಂದರೆ ಹಳ್ಳ, ಎಲ್ಲಿತ್ತು ಅಂತ ಅವರಿಗೇ ಗೊತ್ತಿರುತ್ತೆ. ಒಂದು ಸಂಜೆ ಹೋಗಿ ಕೇಳಿ, ಚಹಾನೂ ಸಿಗುತ್ತೆ.

ಪ್ರಶ್ನೆ: ಚಾವಣಿ ನೀರನ್ನು ನೇರ ಬೋರ್‌ವೆಲ್‌ಗೆ ಬಿಡಬಹುದಾ?

ಉತ್ತರ: ಬೇಡ. ಹಕ್ಕಿ ಹಿಕ್ಕೆ, ಧೂಳು ಎಲ್ಲ ಸೀದಾ ಕುಡಿಯೋ ನೀರಿಗೆ ಇಳಿಯುತ್ತೆ. ಮೊದಲ ಮಳೆಯ ನೀರು ಹೊರಗೆ ಚೆಲ್ಲಿ. ಆಮೇಲೆ ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಸೋಸಿ, ಬೋರ್‌ನಿಂದ ದೂರ ಇಂಗಲು ಬಿಡಿ.