ಚಿಪ್ಪಿಯಲ್ಲಿರುವ ಪಾಚಿ ವಿಷವನ್ನು ಹೇಗೆ ಅಳೆಯುತ್ತಾರೆ? ಇಲಿಗೆ ಚುಚ್ಚಿ ನೋಡುವುದು ನಿಜಾನಾ?

ಯಾದಗಿರಿಯಿಂದ ಕೇಳಿದ್ದೀರಿ. ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ, ಅವನಿಗೆ ಚಿಪ್ಪಿ ಸುಕ್ಕಾ ರುಚಿ ಹತ್ತಿದೆ. ಚಿಪ್ಪಿಯಲ್ಲಿ ಪಾಚಿಯ ವಿಷ ಇರಬಹುದು ಎಂದು ಓದಿ ನಿಮಗೆ ಗಾಬರಿಯಾಗಿದೆ. ನಾನು ಕಲಬುರಗಿಯಲ್ಲಿ ಫಾರ್ಮಸಿ ಓದುವ ಮಕ್ಕಳಿಗೆ ಔಷಧ, ವಿಷ ಎರಡರ ಪಾಠವನ್ನೂ ಮಾಡುತ್ತೇನೆ. ಸಮುದ್ರ ನಮಗೆ ದೂರ, ಆದರೆ ನಿಮ್ಮ ಪ್ರಶ್ನೆ ನನ್ನ ಪಾಠದ್ದೇ.

ಹೌದು, ನಿಜ. 1937ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೋಮರ್ ಮತ್ತು ಮೇಯರ್ ಈ ಪದ್ಧತಿ ಶುರು ಮಾಡಿದರು. ಚಿಪ್ಪಿಯ ಮಾಂಸವನ್ನು ರುಬ್ಬಿ, ತೆಳು ಆಸಿಡ್‌ನಲ್ಲಿ ಕುದಿಸಿ, ತಿಳಿ ತೆಗೆಯುತ್ತಾರೆ. ಅದರಲ್ಲಿ 1 ಮಿಲಿಯನ್ನು ಸುಮಾರು 20 ಗ್ರಾಂ ತೂಕದ ಬಿಳಿ ಸುಂಡಿಲಿಯ ಹೊಟ್ಟೆಯ ಪೊಳ್ಳಿಗೆ ಚುಚ್ಚುತ್ತಾರೆ. ಆಮೇಲೆ ಗಡಿಯಾರ ನೋಡುತ್ತಾ ಕೂರುತ್ತಾರೆ. ಇಲಿ ಎಷ್ಟು ಬೇಗ ಸಾಯುತ್ತದೋ ವಿಷ ಅಷ್ಟು ಜಾಸ್ತಿ. 15 ನಿಮಿಷದಲ್ಲಿ ಕೊಲ್ಲುವಷ್ಟು ವಿಷಕ್ಕೆ ಒಂದು ಮೌಸ್ ಯೂನಿಟ್ ಎನ್ನುತ್ತಾರೆ. ಲಕ್ವ ಹೊಡೆಸುವ ಸ್ಯಾಕ್ಸಿಟಾಕ್ಸಿನ್ ವಿಷಕ್ಕೆ ಯುರೋಪ್, ಅಮೆರಿಕಗಳಲ್ಲಿ ಇರುವ ಮಿತಿ ಕಿಲೋ ಮಾಂಸಕ್ಕೆ 800 ಮೈಕ್ರೋಗ್ರಾಂ. ಇಲಿಯ ಪರೀಕ್ಷೆಗೆ ಸುಮಾರು 400ಕ್ಕಿಂತ ಕಡಿಮೆ ಇರುವುದು ಕಾಣುವುದೇ ಇಲ್ಲ.

ಆದರೆ ಒಂದು ಮಾತು ಗಮನಿಸಿ. ನಿಮ್ಮ ಮಗ ಚಿಪ್ಪಿ ತಿನ್ನುತ್ತಾನೆ, ಚುಚ್ಚಿಸಿಕೊಳ್ಳುವುದಿಲ್ಲ. ಸ್ಯಾಕ್ಸಿಟಾಕ್ಸಿನ್ ಚುಚ್ಚಿದರೆ, ಇಲಿಯ ತೂಕದ ಪ್ರತಿ ಕಿಲೋಗೆ ಸುಮಾರು 10 ಮೈಕ್ರೋಗ್ರಾಂ ಸಾಕು, ಅರ್ಧದಷ್ಟು ಇಲಿಗಳು ಸಾಯುತ್ತವೆ. ಬಾಯಿಯಿಂದ ಕೊಟ್ಟರೆ ಅದೇ ಪರಿಣಾಮಕ್ಕೆ ಸುಮಾರು 260 ಬೇಕು. ಯೆಸ್ಸೋಟಾಕ್ಸಿನ್ ಎಂಬ ಇನ್ನೊಂದು ವಿಷದಲ್ಲಿ ಈ ಅಂತರ ಇನ್ನೂ ದೊಡ್ಡದು. ಚುಚ್ಚಿದರೆ ಇಲಿ ಸಾಯುತ್ತದೆ. ಬಾಯಿಯಿಂದ ತೂಕದ ಪ್ರತಿ ಕಿಲೋಗೆ ಸಾವಿರಾರು ಮೈಕ್ರೋಗ್ರಾಂ ಕೊಟ್ಟರೂ ಬದುಕಿಕೊಳ್ಳುತ್ತದೆ. ಯುರೋಪ್ ಅದರ ಮಿತಿಯನ್ನು ಕಿಲೋ ಮಾಂಸಕ್ಕೆ 1 ಮಿಲಿಗ್ರಾಂನಿಂದ 3.75ಕ್ಕೆ ಏರಿಸಿದ್ದು 2013ರಲ್ಲಿ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತೇನೆ: ‘ಇಷ್ಟು ವಿಷಕಾರಿ’ ಎಂಬ ಅಂಕಿ ಕಂಡರೆ, ಹೇಗೆ ಕೊಟ್ಟು ನೋಡಿದರು ಎಂದು ಮೊದಲು ಕೇಳಿ. ಅದು ಗೊತ್ತಿಲ್ಲದೆ ಆ ಅಂಕಿ ಇಟ್ಟುಕೊಂಡು ಹೆದರುವುದೂ ತಪ್ಪು, ಧೈರ್ಯವಾಗಿರುವುದೂ ತಪ್ಪು.

ಈಗ ಬಹಳ ಕಡೆ ಯಂತ್ರ ಬಂದಿದೆ. ವಿಷದ ಅಣುಗಳನ್ನು ಬೇರ್ಪಡಿಸಿ, ತೂಗಿ, ಒಂದೊಂದರ ಪಾಲು ಎಷ್ಟು ಎಂದು ಹೇಳುತ್ತದೆ. ಯುರೋಪಿನಲ್ಲಿ ಸ್ಯಾಕ್ಸಿಟಾಕ್ಸಿನ್‌ಗೂ 2019ರಿಂದ ಇಲಿಯ ಪರೀಕ್ಷೆ ಅಧಿಕೃತ ಪದ್ಧತಿಯಾಗಿ ಉಳಿದಿಲ್ಲ. ನನಗೆ ಇದು ಸಮಾಧಾನದ ಸಂಗತಿ. ಒಂದು ಜೀವ ಒದ್ದಾಡುವುದನ್ನು ನೋಡಿ ಅಳತೆ ಮಾಡುವುದು, ಬೇರೆ ದಾರಿ ಇದ್ದಾಗ ಬೇಡ ಅಲ್ವಾ? ಇಲಿಯ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಅವುಗಳ ಮೇಲೆ ನೋಡುವ ಪದ್ಧತಿಯೂ ಇದೆ.

ಹಾಗಂತ ಯಂತ್ರವೇ ಎಲ್ಲಾ ಅಲ್ಲ. ಹುಡುಕು ಎಂದು ಹೇಳಿದ ವಿಷವನ್ನಷ್ಟೇ ಅದು ಹುಡುಕುತ್ತದೆ. 1995ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಐರ್ಲೆಂಡಿನ ಚಿಪ್ಪಿ ತಿಂದವರಿಗೆ ವಾಂತಿ ಭೇದಿ ಶುರುವಾಯಿತು. ಗೊತ್ತಿದ್ದ ಭೇದಿ ವಿಷಗಳು ಅದರಲ್ಲಿ ತೀರಾ ಕಡಿಮೆ ಇದ್ದವು. ಆದರೆ ಅದರ ರಸ ಚುಚ್ಚಿದ ಇಲಿಗಳಲ್ಲಿ ಲಕ್ವದ ಲಕ್ಷಣ ಕಾಣಿಸಿತು. ಹಾಗೆ ಸಿಕ್ಕಿದ ಹೊಸ ವಿಷವೇ ಅಜಾಸ್ಪಿರಾಸಿಡ್. ಹೊಸ ವಿಷದ ಸುಳಿವು ಹಿಡಿಯಲು ಜೀವಕೋಶದ ಪರೀಕ್ಷೆ ಯಂತ್ರದ ಜೊತೆಗೇ ಇರಬೇಕು ಎಂದು ನಾನು ಅಂದುಕೊಳ್ಳುವುದು ಇದಕ್ಕೇ.

ಇನ್ನು ಮಗನ ವಿಷಯ. ಅಪಾಯ ಅಪರೂಪ, ಆದರೆ ಸುಮ್ನೆ ಕಟ್ಟುಕತೆ ಅಲ್ಲ. ಮಂಗಳೂರಿಗೆ ಹತ್ತಿರದ ಕುಂಬಳೆಯಲ್ಲಿ 1983ರಲ್ಲಿ ಚಿಪ್ಪಿ ತಿಂದು ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಜನ ಹೋದರು. ಈ ವಿಷಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಬೇಯಿಸಿದರೂ ಹೋಗುವುದಿಲ್ಲ. ಚಿಪ್ಪಿ ನೀರು ಸೋಸಿ ಪಾಚಿ ತಿನ್ನುವುದರಿಂದ ಅದರಲ್ಲಿ ವಿಷ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ಕಟ್ಲಾ, ರೋಹು ಸಿಹಿನೀರಿನವು, ಈ ಸಮುದ್ರದ ಪಾಚಿಯ ಚಿಂತೆ ಅವಕ್ಕಿಲ್ಲ.

ಸಮುದ್ರದ ನೀರು ಕೆಂಪಾಗಿಯೋ ಕಂದಾಗಿಯೋ ಕಂಡ ದಿನಗಳಲ್ಲಿ ಚಿಪ್ಪಿ ಬೇಡ ಎಂದು ಮಗನಿಗೆ ಹೇಳಿ. ಆದರೆ ನೀರು ತಿಳಿಯಾಗಿದ್ದರೂ ವಿಷ ಇರಬಹುದು. ಹಾಗಾಗಿ ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮ್ಮೆಂದರೆ ಕಾಯುತ್ತಾ ಕೂರಬಾರದು, ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಏನು ತಿಂದೆ ಎಂದು ಮೊದಲು ಅದನ್ನೇ ಹೇಳಬೇಕು. ಸ್ಯಾಕ್ಸಿಟಾಕ್ಸಿನ್‌ಗೆ ಮದ್ದಿಲ್ಲ. ಆದರೆ ಉಸಿರಿಗೆ ಯಂತ್ರದ ಆಸರೆ ಸಕಾಲಕ್ಕೆ ಸಿಕ್ಕರೆ ಮೈ ವಿಷವನ್ನು ಹೊರಹಾಕುತ್ತದೆ, ಜನ ಚೇತರಿಸಿಕೊಳ್ಳುತ್ತಾರೆ.