ಯಮಹಾ ಆರ್15 ವಿ4 ಹೇಗಿದೆ? ಎಬಿಎಸ್ ನಿಜವಾಗಲೂ ಕೆಲಸಕ್ಕೆ ಬರುತ್ತಾ?

ದಿನಾ ಬೆಂಗಳೂರಿನ ಟ್ರಾಫಿಕ್, ಆಗಾಗ ಸಕಲೇಶಪುರದ ಕಡೆ ರೈಡ್ ಅಂತ ಬರೆದಿದ್ದೀರಿ. ನನ್ನ ಹತ್ತಿರ ಇರೋದೂ ಇದೇ ಬೈಕ್. ಧೈರ್ಯವಾಗಿ ತಗೊಳ್ಳಿ, ಆದರೆ ಬ್ರೇಕ್ ಹಿಡಿಯೋದನ್ನ ಹೊಸದಾಗಿ ಅಭ್ಯಾಸ ಮಾಡ್ಕೊಳ್ಳಿ.

ಇಂಜಿನ್ 155 ಸಿಸಿ, ಲಿಕ್ವಿಡ್ ಕೂಲ್ಡ್, 18.4 ಪಿಎಸ್. ಆ ಪೂರ್ತಿ ಶಕ್ತಿ ಸಿಗೋದು 10,000 ಆರ್‌ಪಿಎಂನಲ್ಲಿ. 7,400ರ ಹತ್ತಿರ ವಿವಿಎ (ಇಂಜಿನ್ ವೇಗಕ್ಕೆ ತಕ್ಕ ಹಾಗೆ ವಾಲ್ವ್ ತೆರೆಯೋ ರೀತಿ ಬದಲಿಸೋ ವ್ಯವಸ್ಥೆ) ಶುರುವಾದಾಗ, ಗಾಳಿ ಒಳಗೆ ಬಿಡೋ ಇಂಟೇಕ್ ವಾಲ್ವ್ ಇನ್ನೊಂದು ಕ್ಯಾಮ್‌ಗೆ ಬದಲಾಗುತ್ತೆ. ಓವರ್‌ಟೇಕ್ ಮಾಡುವಾಗ ಒಂದು ಗೇರ್ ಇಳಿಸಿ ಅಲ್ಲಿಗೆ ಮುಟ್ಟಿಸಿದ್ರೆ ಗಾಡಿ ಖುಷಿಯಾಗಿ ನುಗ್ಗುತ್ತೆ. ಸಮಾಧಾನವಾಗಿ ಓಡಿಸಿದ್ರೆ ಮೈಲೇಜ್ 45ರ ಆಸುಪಾಸು.

ಇನ್ನು ಎಬಿಎಸ್. ಬೇಗ ನಿಲ್ಲಿಸೋದು ಅದರ ಮುಖ್ಯ ಕೆಲಸ ಅಲ್ಲ, ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು. ಎರಡೂ ಚಕ್ರದ ಸೆನ್ಸರ್ ವೇಗ ಅಳೀತಾ ಇರುತ್ತೆ. ಒಂದು ಚಕ್ರ ಇದ್ದಕ್ಕಿದ್ದಂತೆ ನಿಲ್ಲೋ ಹಾಗಾದ್ರೆ ಆ ಬ್ರೇಕಿನ ಒತ್ತಡ ಕ್ಷಣಕ್ಕೆ ಸಡಿಲವಾಗಿ ಮತ್ತೆ ಬಿಗಿಯಾಗುತ್ತೆ, ಇದು ಸೆಕೆಂಡಿನಲ್ಲಿ ಹಲವು ಸಲ ನಡೆಯುತ್ತೆ. ಆಗ ಲಿವರ್ ಬೆರಳಿಗೆ ಗಡಗಡ ಅಂತ ಬಡಿಯುತ್ತೆ. ಗಾಬರಿಯಾಗಿ ಬ್ರೇಕ್ ಬಿಡಬೇಡಿ. ಹಿಡಿದೇ ಇರಿ, ಕಣ್ಣು ತಪ್ಪಿಸಿಕೊಳ್ಳೋ ದಾರಿ ಕಡೆ ಇರಲಿ, ಹ್ಯಾಂಡಲ್ ನಿಮ್ಮ ಮಾತು ಕೇಳುತ್ತೆ. ಮಳೆಗಾಲದ ಡಾಂಬರಿನ ಮೇಲೆ ಇದು ಜೀವ ಉಳಿಸೋ ವಿಷಯ. ಜಲ್ಲಿ, ಸಡಿಲ ಮಣ್ಣಿನ ಮೇಲೆ ಮಾತ್ರ ನಿಲ್ಲೋ ದೂರ ಹೆಚ್ಚೇ ಆಗಬಹುದು. ತಿರುವಿನಲ್ಲಿ ಗಾಡಿ ವಾಲಿದ್ದಾಗ ಜೋರಾಗಿ ಬ್ರೇಕ್ ಒತ್ತಿದರೂ ಕಾಪಾಡುತ್ತೆ ಅಂದ್ಕೋಬೇಡಿ, ಇದು ಕಾರ್ನರಿಂಗ್ ಎಬಿಎಸ್ ಅಲ್ಲ. ಘಾಟಿಯಲ್ಲಿ ವೇಗ ತಿರುವಿಗೆ ಮುಂಚೆಯೇ ಇಳಿದಿರಬೇಕು.

ತಗೊಂಡ ಮೇಲೆ ಖಾಲಿ ಮೈದಾನದಲ್ಲಿ ಕಡಿಮೆ ವೇಗದಿಂದ ಶುರು ಮಾಡಿ ಅಭ್ಯಾಸ ಮಾಡಿ. ಮೀಟರಿನ ಎಬಿಎಸ್ ದೀಪ ಗಾಡಿ ಹೊರಟ ಮೇಲೂ ಆರದಿದ್ರೆ ಸರ್ವೀಸಿಗೆ ಕೊಡಿ.

ಸೀಟು 815 ಎಂಎಂ ಎತ್ತರ, ಮುಂದಕ್ಕೆ ಬಾಗಿ ಕೂರಬೇಕು, ಟ್ರಾಫಿಕ್ಕಿನಲ್ಲಿ ಮಣಿಕಟ್ಟು ನೋಯುತ್ತೆ. ಹಿಂದೆ ಕೂರೋರು ದಿನಾ ಇದ್ರೆ ಅವರನ್ನೂ ಕೂರಿಸಿಕೊಂಡೇ ಟೆಸ್ಟ್ ರೈಡ್ ಮಾಡಿ. ಅವರಿಗೆ ಸರಿಹೋಗದಿದ್ರೆ ಇದೇ ಕಂಪನಿಯ 155 ಸಿಸಿ ಎಂಟಿ-15 ಇದೆ, ನೆಟ್ಟಗೆ ಕೂರಬಹುದು. ಅದನ್ನ ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ ಡ್ಯುಯಲ್ ಚಾನೆಲ್ಲಾ, ಅಂದ್ರೆ ಎರಡೂ ಚಕ್ರಕ್ಕೆ ಎಬಿಎಸ್ ಇದೆಯಾ ಅಂತ ಕೇಳಿ. 2019ರಲ್ಲಿ ಬಂದ ಮೊದಲ ಮಾಡೆಲ್‌ಗೆ ಎಬಿಎಸ್ ಇದ್ದದ್ದು ಮುಂದಿನ ಚಕ್ರಕ್ಕೆ ಮಾತ್ರ.